ಸುಮಾರು ಆರೂಮುಕ್ಕಾಲು ಗಂಟೆಯ ನಾಟಕದ ವಿಡಿಯೊವನ್ನು ಮನೆಯ ಡಿವಿಡಿ ಪ್ಲೇಯರ್‌ನಲ್ಲಿ ಓಡುವಂತೆ ಡಿಸ್ಕ್ ಮಾಡುವುದು ಹೇಗೆ?

ಪ್ರಶ್ನೆ (ಮಂಡ್ಯ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ.

ಕಳೆದ ಬೇಸಿಗೆಯಲ್ಲಿ ಊರ ಹಬ್ಬದ ಮಾರನೆಯ ರಾತ್ರಿ ನಮ್ಮ ಹಳ್ಳಿಯವರೇ ಕಲಿತು ಆಡಿದ ಪೌರಾಣಿಕ ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿಸಿದ್ದೆವು. ನಮ್ಮ ತಂದೆಯವರು ಅದರಲ್ಲಿ ದುರ್ಯೋಧನನ ಪಾತ್ರ ವಹಿಸಿದ್ದರು. ಅವರಿಗೀಗ ಎಪ್ಪತ್ತೊಂದು ವರ್ಷ. ಗದೆ ಹಿಡಿಯುವುದು ಇದೇ ಕಡೆಯ ಸಲ ಎಂದು ತಾಲೀಮು ಶುರುವಾದ ದಿನವೇ ಹೇಳಿದ್ದರು. ಪಾತ್ರಧಾರಿಗಳಲ್ಲಿ ಹೆಚ್ಚಿನವರು ಅವರ ಓರಗೆಯವರೇ. ಅವರ ಮನೆಗಳಲ್ಲಿ ಹಳೆಯ ಡಬ್ಬಿ ಟಿವಿ ಮತ್ತು ಡಿವಿಡಿ ಪ್ಲೇಯರ್ ಇವೆ, ರಿಮೋಟಿನ ಬಟನ್‌ಗಳು ಅವರಿಗೆ ರೂಢಿಯಾಗಿವೆ. ಆದ್ದರಿಂದ ಹದಿನಾರು ಮನೆಗಳಿಗೂ ಡಿಸ್ಕ್ ಮಾಡಿ ಹಂಚಬೇಕೆಂಬುದು ನನ್ನ ಆಸೆ.

ಕ್ಯಾಮೆರಾದವರು 64 ಜಿಬಿಯ ಪೆನ್‌ಡ್ರೈವ್‌ನಲ್ಲಿ ಎಂಪಿ4 ಫೈಲ್‌ಗಳನ್ನು ಕೊಟ್ಟಿದ್ದಾರೆ. ಒಟ್ಟು ಅವಧಿ 6 ಗಂಟೆ 40 ನಿಮಿಷ, ಗಾತ್ರ ಸುಮಾರು 54 ಜಿಬಿ. ನಡುವೆ ಅವರು ಊಟಕ್ಕೆ ಹೋಗಿದ್ದ ಅರ್ಧ ಗಂಟೆಯನ್ನು ನನ್ನ ಚಿಕ್ಕಪ್ಪನ ಮಗ ಮೊಬೈಲಿನಲ್ಲಿ ಹಿಡಿದಿದ್ದಾನೆ. ಆ ಭಾಗವೂ ಈ ಲೆಕ್ಕದಲ್ಲಿ ಸೇರಿದೆ.

ನಾನು ಇದುವರೆಗೆ ಮೂರು ರೀತಿಯಲ್ಲಿ ಪ್ರಯತ್ನಿಸಿದ್ದೇನೆ. ಮೊದಲು ಒಂದು ಫೈಲನ್ನು ತುಂಡು ಮಾಡಿ ಖಾಲಿ ಡಿವಿಡಿಗೆ ನೇರವಾಗಿ ಕಾಪಿ ಮಾಡಿದೆ. ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ಓಡಿತು, ಆದರೆ ಪ್ಲೇಯರ್ ಸ್ವಲ್ಪ ಹೊತ್ತು ತಿರುಗಿ 'ನೋ ಡಿಸ್ಕ್' ಎಂದಿತು. ಎರಡನೆಯದಾಗಿ ಅಂತರ್ಜಾಲದಿಂದ ಇಳಿಸಿಕೊಂಡ ಒಂದು ತಂತ್ರಾಂಶದಲ್ಲಿ ಪರಿವರ್ತಿಸಿದೆ. ಆ ಡಿಸ್ಕ್ ಓಡಿತಾದರೂ ಎಲ್ಲರ ಮುಖವೂ ಉದ್ದಕ್ಕೆ ಎಳೆದಂತೆ ಕಾಣುತ್ತಿತ್ತು, ಮೊಬೈಲಿನಲ್ಲಿ ಹಿಡಿದ ಭಾಗ ಮುಗಿಯುವ ಹೊತ್ತಿಗೆ ಮಾತಿಗೂ ತುಟಿಗೂ ಎರಡು ಮೂರು ಸೆಕೆಂಡಿನ ಅಂತರ ಬಿದ್ದಿತ್ತು. ತಂದೆಯವರು ಕಂದ ಪದ್ಯ ಮುಗಿಸಿ ಬಾಯಿ ಮುಚ್ಚಿದ ಮೇಲೂ ಆಲಾಪ ಕೇಳಿಸುತ್ತಿತ್ತು. ಕೊನೆಗೆ ಪಟ್ಟಣದ ಒಂದು ಅಂಗಡಿಗೆ ಕೊಟ್ಟೆ. ಅವರು ಇಡೀ ನಾಟಕವನ್ನು ಒಂದೇ ಡಿಸ್ಕಿಗೆ ಹಾಕಿಕೊಟ್ಟರು. ಆದರೆ ಅದರಲ್ಲಿ ಕಿರೀಟದ ಮಿಂಚು, ಪರದೆಯ ಮೇಲಿನ ಅರಮನೆಯ ಚಿತ್ರ, ಸೀರಿಯಲ್ ದೀಪಗಳು ಎಲ್ಲವೂ ಚೌಕ ಚೌಕವಾಗಿ ಕಲಸಿಹೋಗಿವೆ. ದೂರದಿಂದ ತೆಗೆದ ದೃಶ್ಯಗಳಲ್ಲಿ ಕರ್ಣ ಯಾರು, ಅರ್ಜುನ ಯಾರು ಎಂಬುದೇ ತಿಳಿಯುವುದಿಲ್ಲ.

ತಪ್ಪು ಎಲ್ಲೆಲ್ಲಿ ಆಗುತ್ತಿದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಹೇಳಿಕೊಡಬೇಕು. ವಿಂಡೋಸ್ ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿಗೆ ಹಾಕುವ ಡಿವಿಡಿ ರೈಟರ್ ನನ್ನ ಬಳಿ ಇವೆ. ಸಮಯ ಎಷ್ಟು ಹಿಡಿದರೂ ಚಿಂತೆಯಿಲ್ಲ.

ಉತ್ತರ 1 (ಮೈಸೂರಿನಿಂದ)

ಮಾನ್ಯರೆ, ನಾನು ಮೈಸೂರಿನಲ್ಲಿ ಬಹಳ ವರ್ಷ ಮದುವೆ ಮತ್ತು ನಾಟಕಗಳ ವಿಡಿಯೊ ಸಂಕಲನ ಮಾಡಿಕೊಂಡಿದ್ದವನು. ಮಂಡ್ಯದ ಕಲಾಮಂದಿರದಲ್ಲಿ ನಡೆದ ಪೌರಾಣಿಕ ನಾಟಕಗಳ ಡಿಸ್ಕ್‌ಗಳನ್ನೂ ಮಾಡಿದ್ದೇನೆ. ನಿಮ್ಮ ಮೂರು ಪ್ರಯತ್ನಗಳೂ ಮೂರು ಬೇರೆ ಬೇರೆ ಕಾರಣಗಳಿಂದ ಕೆಟ್ಟಿವೆ, ಆದ್ದರಿಂದ ಒಂದೊಂದಾಗಿಯೇ ನೋಡೋಣ.

ಮೊದಲನೆಯದು ಫೈಲಿನ ಭಾಷೆಯ ಸಮಸ್ಯೆ. ಮನೆಯ ಡಿವಿಡಿ ಪ್ಲೇಯರ್ ಎಂಬುದು ಕಂಪ್ಯೂಟರ್ ಅಲ್ಲ, ಅದಕ್ಕೆ ಹೊಸ ಭಾಷೆ ಕಲಿಸಲು ಬರುವುದಿಲ್ಲ. ಡಿವಿಡಿ ಮಾರುಕಟ್ಟೆಗೆ ಬಂದದ್ದು 1996ರಲ್ಲಿ, ಜಪಾನಿನಲ್ಲಿ. ನಿಮ್ಮ ಎಂಪಿ4 ಫೈಲ್‌ಗಳೊಳಗೆ ಬಹುಪಾಲು ಇರುವ ಎಚ್.264 ಎಂಬ ಸಂಕೋಚನ ವಿಧಾನ ಸಿದ್ಧವಾದದ್ದು 2003ರಲ್ಲಿ. ಡಿವಿಡಿಯ ನಿಯಮಾವಳಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಪ್ಲೇಯರ್‌ಗೆ ಬೇಕಾದದ್ದು ಎಂಪೆಗ್-2 ಎಂಬ ಹಳೆಯ ಸಂಕೋಚನ ವಿಧಾನದ ಚಿತ್ರ. ನಮ್ಮ ದೇಶದ ಟಿವಿಗಳ 'ಪಾಲ್' ಎಂಬ ಪದ್ಧತಿಯಲ್ಲಿ ಅದು 720 ಅಡ್ಡ, 576 ಉದ್ದದ ಚುಕ್ಕೆಗಳಲ್ಲಿ, ಸೆಕೆಂಡಿಗೆ 25 ಚಿತ್ರಗಳಂತೆ ಇರಬೇಕು. ಧ್ವನಿ ಎಸಿ-3, ಎಂಪಿ2 ಅಥವಾ ಪಿಸಿಎಂ ರೂಪದಲ್ಲಿ, 48 ಕಿಲೋಹರ್ಟ್ಸ್‌ನಲ್ಲಿ ಇರಬೇಕು. ಮೊಬೈಲ್ ಮತ್ತು ಕ್ಯಾಮೆರಾಗಳು ಸಾಮಾನ್ಯವಾಗಿ ಕೊಡುವ ಎಎಸಿ ಧ್ವನಿ ಇಲ್ಲಿ ನಡೆಯುವುದಿಲ್ಲ.

ಇಷ್ಟಾದ ಮೇಲೂ ಆ ಎಂಪೆಗ್ ಫೈಲನ್ನು ಸುಮ್ಮನೆ ಡಿಸ್ಕಿಗೆ ಕಾಪಿ ಮಾಡಿದರೆ ಸಾಲದು. ಪ್ಲೇಯರ್ ಮೊದಲು ಹುಡುಕುವುದು 'ವಿಡಿಯೊ ಟಿಎಸ್' ಎಂಬ ಫೋಲ್ಡರನ್ನು. ಅದರೊಳಗೆ ಐಎಫ್‌ಒ ಎಂಬ ಸಣ್ಣ ಫೈಲ್‌ಗಳಿರುತ್ತವೆ. ಯಾವ ದೃಶ್ಯ ಎಲ್ಲಿ ಆರಂಭವಾಗುತ್ತದೆ, ಚಿತ್ರದ ಆಕಾರ ಯಾವುದು, ಮೆನು ಎಲ್ಲಿದೆ ಎಂಬುದನ್ನೆಲ್ಲ ಹೇಳುವ ಅವು ಪುಸ್ತಕದ ಪರಿವಿಡಿ ಇದ್ದಂತೆ. ಡಿಸ್ಕಿಗೆ ಗೀರು ಬಿದ್ದರೆ ಇರಲಿ ಎಂದು ಅದೇ ಪರಿವಿಡಿಯ ಇನ್ನೊಂದು ಪ್ರತಿ ಬಿಯುಪಿ ಎಂಬ ಹೆಸರಿನಲ್ಲಿರುತ್ತದೆ. ನಾಟಕದ ಚಿತ್ರ ಮತ್ತು ಧ್ವನಿ ವಿಒಬಿ ಎಂಬ ಫೈಲ್‌ಗಳಲ್ಲಿ ಒಂದೊಂದು ಜಿಬಿಗೆ ಮೀರದ ತುಂಡುಗಳಾಗಿ ಕುಳಿತಿರುತ್ತದೆ. ಹೀಗೆ ಪರಿವರ್ತನೆ, ಜೋಡಣೆ, ಬರ್ನ್ (ಡಿಸ್ಕಿಗೆ ಬರೆಯುವುದು) ಎಂಬ ಮೂರು ಕೆಲಸಗಳೂ ಆಗಬೇಕು. ನಿಮ್ಮ ಮೊದಲ ಡಿಸ್ಕಿನಲ್ಲಿ ಮೊದಲ ಎರಡು ಆಗಿರಲೇ ಇಲ್ಲ.

ಈಗ ಅಂಗಡಿಯವರ ಡಿಸ್ಕಿನ ವಿಚಾರ. ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ, ಏಕೆಂದರೆ ಒಂದು ಸಣ್ಣ ಭಾಗಾಕಾರ ಮಾಡಿ ನೋಡಿದ್ದರೆ ಅವರು ಹಾಗೆ ಮಾಡುತ್ತಿರಲಿಲ್ಲ. 4.7 ಜಿಬಿ ಎಂದು ಬರೆದಿರುವ ಡಿಸ್ಕಿನಲ್ಲಿ ಹಿಡಿಯುವುದು ಸುಮಾರು 470 ಕೋಟಿ ಬೈಟ್‌ಗಳು; ಕಂಪ್ಯೂಟರ್ ತನ್ನ ಲೆಕ್ಕದಲ್ಲಿ ಇದನ್ನೇ 4.38 ಜಿಬಿ ಎಂದು ತೋರಿಸುತ್ತದೆ. ಬೈಟಿಗೆ ಎಂಟು ಬಿಟ್‌ನಂತೆ 3,760 ಕೋಟಿ ಬಿಟ್. ನಿಮ್ಮ ನಾಟಕ 6 ಗಂಟೆ 40 ನಿಮಿಷ, ಅಂದರೆ 24,000 ಸೆಕೆಂಡು. ಭಾಗಿಸಿದರೆ ಪ್ರತಿ ಸೆಕೆಂಡಿಗೆ, ಧ್ವನಿಯೂ ಸೇರಿ, ಸಿಗುವುದು 15.6 ಲಕ್ಷ ಬಿಟ್ ಮಾತ್ರ. ಹಿಂದೆ ವಿಸಿಡಿ ಬರುತ್ತಿತ್ತಲ್ಲ, ಅದರ ಚಿತ್ರಕ್ಕೇ ಸೆಕೆಂಡಿಗೆ 11.5 ಲಕ್ಷ ಬಿಟ್ ಇರುತ್ತಿತ್ತು. ಆದರೆ ವಿಸಿಡಿಯ ಚಿತ್ರ 352 ಅಡ್ಡ, 288 ಉದ್ದದ್ದು. ಡಿವಿಡಿಯ ಚಿತ್ರದಲ್ಲಿ ಅದರ ನಾಲ್ಕು ಪಟ್ಟು ಚುಕ್ಕೆಗಳಿವೆ. ನಾಲ್ಕು ಪಟ್ಟು ದೊಡ್ಡ ಚಿತ್ರವನ್ನು ಹೆಚ್ಚುಕಡಿಮೆ ಅಷ್ಟೇ ಬಿಟ್‌ಗಳಲ್ಲಿ ತುರುಕಿದಾಗ ಎಂಪೆಗ್ ವಿಧಾನ ಚಿತ್ರವನ್ನು ಚೌಕಗಳಾಗಿ ಒಡೆದು ಸೂಕ್ಷ್ಮ ವಿವರಗಳನ್ನೆಲ್ಲ ಬಿಸಾಡುತ್ತದೆ. ಅದರಲ್ಲೂ ನಮ್ಮ ಪೌರಾಣಿಕ ನಾಟಕದ ರಂಗ ಈ ಯಂತ್ರಕ್ಕೆ ತುಂಬ ಕಷ್ಟದ ವಸ್ತು. ಹರಳಿನ ಕಿರೀಟ, ಜರಿಯ ಉಡುಪು, ಮಿಣುಕುವ ಸೀರಿಯಲ್ ದೀಪ, ಯುದ್ಧದ ದೃಶ್ಯದಲ್ಲಿ ಬಣ್ಣದ ಬೆಳಕಿನಲ್ಲಿ ಏಳುವ ಹೊಗೆ, ಇವೆಲ್ಲ ಕ್ಷಣಕ್ಷಣಕ್ಕೂ ಬದಲಾಗುತ್ತವೆ, ಬದಲಾಗುವುದೆಲ್ಲವೂ ಬಿಟ್‌ಗಳನ್ನು ಬೇಡುತ್ತದೆ.

ಆದ್ದರಿಂದ ನಾಲ್ಕು ಡಿಸ್ಕ್ ಮಾಡಿ. ತಲಾ 100 ನಿಮಿಷವಾದರೆ ಸೆಕೆಂಡಿಗೆ 62 ಲಕ್ಷ ಬಿಟ್ ಸಿಗುತ್ತದೆ. ಆದರೆ ಸರಿಯಾಗಿ ನೂರನೆಯ ನಿಮಿಷಕ್ಕೆ ಕತ್ತರಿಸಲು ಹೋಗಬೇಡಿ. ಪರದೆ ಬಿದ್ದು ಮುಂದಿನ ದೃಶ್ಯ ಏಳುವ ಜಾಗ ಹುಡುಕಿ ಅಲ್ಲಿ ಕತ್ತರಿಸಿ. ಒಂದು ಭಾಗ 108 ನಿಮಿಷವಾಯಿತು ಎನ್ನಿ, ಆಗಲೂ 58 ಲಕ್ಷ ಇರುತ್ತದೆ. ಧ್ವನಿಗೆ ಎಸಿ-3ಯಲ್ಲಿ 2.24 ಲಕ್ಷ ತೆಗೆದಿಟ್ಟು, ಮೆನುವಿಗೂ ಇತರ ಹೊರೆಗೂ ಸ್ವಲ್ಪ ಬಿಟ್ಟು, ಚಿತ್ರಕ್ಕೆ 53 ಲಕ್ಷ ಇಟ್ಟುಕೊಂಡರೆ ನಾಲ್ಕೂ ಡಿಸ್ಕಿಗೆ ಒಂದೇ ಅಳತೆ ಸಾಕು. ತಂತ್ರಾಂಶದಲ್ಲಿ 'ಟೂ ಪಾಸ್' ಎಂಬ ಆಯ್ಕೆ ಇದ್ದರೆ ಬಳಸಿ. ಅದು ಮೊದಲ ಸುತ್ತಿನಲ್ಲಿ ಇಡೀ ವಿಡಿಯೊ ನೋಡಿಕೊಂಡು, ಎರಡನೆಯ ಸುತ್ತಿನಲ್ಲಿ ಮಾತಿನ ದೃಶ್ಯದಿಂದ ಉಳಿಸಿದ ಬಿಟ್‌ಗಳನ್ನು ಯುದ್ಧದ ದೃಶ್ಯಕ್ಕೆ ಕೊಡುತ್ತದೆ. ಮೂರೇ ಡಿಸ್ಕ್ ಸಾಕೆಂದರೆ ಸೆಕೆಂಡಿಗೆ 47 ಲಕ್ಷ ಸಿಗುತ್ತದೆ, ನೋಡಲು ಅಡ್ಡಿಯಿಲ್ಲ. ಆದರೆ ನಿಮ್ಮ ತಂದೆಯವರ ಕಡೆಯ ನಾಟಕವಾದ್ದರಿಂದ ನಾನಾಗಿದ್ದರೆ ನಾಲ್ಕಕ್ಕೆ ಕಡಿಮೆ ಮಾಡುತ್ತಿರಲಿಲ್ಲ. ಎರಡು ಪದರದ 8.5 ಜಿಬಿ ಡಿಸ್ಕ್‌ಗಳೂ ಇವೆ, ಆದರೆ ಹಳೆಯ ಪ್ಲೇಯರ್‌ಗಳು ಪದರ ಬದಲಾಗುವ ಜಾಗದಲ್ಲಿ ಎಡವುವುದನ್ನು ನಾನು ಕಂಡಿದ್ದೇನೆ. ಹದಿನಾರು ಬೇರೆ ಬೇರೆ ಪ್ಲೇಯರ್‌ಗಳಿಗೆ ಕೊಡುವಾಗ ಅದು ಬೇಡ.

ಮುಖ ಉದ್ದವಾಗುವುದು ಆಕಾರದ ಸಮಸ್ಯೆ. ಡಿವಿಡಿಯಲ್ಲಿ ಅಗಲ ಪರದೆಯ ಚಿತ್ರಕ್ಕೂ ಹಳೆಯ 4:3 ಚಿತ್ರಕ್ಕೂ ಇರುವುದು ಅದೇ 720, 576 ಚುಕ್ಕೆಗಳು. ಅಗಲದ ಚಿತ್ರವನ್ನು ಅಡ್ಡಲಾಗಿ ಅದುಮಿ ತುಂಬಿ, 'ಇದು 16:9, ಬಿಚ್ಚಿ ತೋರಿಸು' ಎಂಬ ಸೂಚನೆಯನ್ನು ಜೊತೆಗಿಡಲಾಗುತ್ತದೆ. ಆ ಸೂಚನೆ ತಪ್ಪಿದರೆ ಅದುಮಿದ ಚಿತ್ರವೇ ತೆರೆಗೆ ಬಂದು ದುರ್ಯೋಧನ ಬಡಕಲಾಗುತ್ತಾನೆ. ಪ್ರಾಜೆಕ್ಟ್ ಆರಂಭಿಸುವಾಗಲೇ ಪಾಲ್ ಮತ್ತು 16:9 ಎಂದು ಆರಿಸಿ. ಹಾಗೆಯೇ ಪ್ಲೇಯರ್‌ನ ಸೆಟಪ್ ಮೆನುವಿನಲ್ಲಿ ಟಿವಿಯ ಆಕಾರವನ್ನೂ ನೋಡಿ. ಡಬ್ಬಿ ಟಿವಿ ಇರುವ ಮನೆಯಲ್ಲಿ ಅದು '4:3 ಲೆಟರ್‌ಬಾಕ್ಸ್' ಎಂದಿರಬೇಕು, ಆಗ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಚಿತ್ರ ಸರಿಯಾಗಿ ಕಾಣುತ್ತದೆ. ಡಿಸ್ಕ್ ಸರಿಯಿದ್ದು ಪ್ಲೇಯರ್ 16:9ಕ್ಕೆ ಹೊಂದಿಸಿಕೊಂಡಿದ್ದರೂ ಮುಖ ಉದ್ದವಾಗಿಯೇ ಕಾಣುತ್ತದೆ. ನಿಮ್ಮ ಎರಡನೆಯ ಡಿಸ್ಕನ್ನು ಎಸೆಯುವ ಮುನ್ನ ಇದೊಂದನ್ನು ಪರೀಕ್ಷಿಸಿ.

ಮೂರೂ ಕೆಲಸಗಳಿಗೆ ಡಿವಿಡಿಸ್ಟೈಲರ್ ಎಂಬ ಉಚಿತ ತಂತ್ರಾಂಶ ಸಾಕಾಗುತ್ತದೆ. ಹ್ಯಾಂಡ್‌ಬ್ರೇಕ್ ಬಳಸಿ ಎಂದು ಹಲವರು ಹೇಳುತ್ತಾರೆ, ಆದರೆ ಅದು ಎಂಪಿ4, ಎಂಕೆವಿಯಂಥ ಫೈಲ್‌ಗಳನ್ನು ತಯಾರಿಸುತ್ತದೆಯೇ ಹೊರತು ಪ್ಲೇಯರ್ ಓದುವ ಡಿಸ್ಕನ್ನು ಕಟ್ಟುವುದಿಲ್ಲ.

ಇನ್ನೊಂದು ಮಾತು: ಪ್ರತಿ ದೃಶ್ಯದ ಆರಂಭಕ್ಕೂ ಒಂದು ಚಾಪ್ಟರ್ ಗುರುತು ಹಾಕಿ. ಹಿರಿಯರು ತಮ್ಮ ಪಾತ್ರ ಬರುವ ಜಾಗಕ್ಕೆ ರಿಮೋಟಿನ 'ನೆಕ್ಸ್ಟ್' ಒತ್ತಿ ಹೋಗುತ್ತಾರೆ. ಗುರುತಿಲ್ಲದಿದ್ದರೆ ಅವರು ಫಾರ್ವರ್ಡ್ ಒತ್ತಿ ಹಿಡಿದು ಕಾಯಬೇಕಾಗುತ್ತದೆ.

ಉತ್ತರ 2 (ಶ್ರೀರಂಗಪಟ್ಟಣದಿಂದ)

ಈಗಿನ ಕಾಲದಲ್ಲಿ ಡಿಸ್ಕ್ ಏಕೆ ಬೇಕು ಎಂಬುದು ನನ್ನ ವಿನಮ್ರ ಪ್ರಶ್ನೆ. ಹದಿನಾರು ಪೆನ್‌ಡ್ರೈವ್ ಕೊಂಡು ಫೈಲ್ ಹಾಕಿ ಕೊಟ್ಟರೆ ಒಂದೇ ದಿನದ ಕೆಲಸ. ಬಹಳಷ್ಟು ಡಿವಿಡಿ ಪ್ಲೇಯರ್‌ಗಳ ಮುಂಭಾಗದಲ್ಲಿ ಯುಎಸ್‌ಬಿ ಕಿಂಡಿ ಇದ್ದೇ ಇದೆ.

ಉತ್ತರ 3 (ಮೈಸೂರಿನಿಂದ, ನಿವೃತ್ತ ಉಪನ್ಯಾಸಕ)

ಎರಡನೆಯ ಉತ್ತರದ ಸಲಹೆ ಕೆಲವು ಮನೆಗಳಿಗೆ ಒಪ್ಪುತ್ತದೆ, ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಪ್ಲೇಯರ್‌ನ ಯುಎಸ್‌ಬಿ ಕಿಂಡಿ ಓದುವುದು ಸಾಮಾನ್ಯವಾಗಿ ಎಂಪೆಗ್ ಫೈಲ್‌ಗಳನ್ನು, ಕೆಲವು ಸಲ ಡಿವ್‌ಎಕ್ಸ್ ರೀತಿಯ ಎವಿಐ ಫೈಲ್‌ಗಳನ್ನು, ಎಚ್.264 ಎಂಪಿ4 ಅಲ್ಲಿಯೂ ಓಡುವುದಿಲ್ಲ. ಪೆನ್‌ಡ್ರೈವ್ ಫ್ಯಾಟ್32 ರೂಪದಲ್ಲಿರಬೇಕು, ಅದರಲ್ಲಿ ಒಂದೊಂದು ಫೈಲ್ 4 ಜಿಬಿ ಮೀರುವಂತಿಲ್ಲ. ಅಂದರೆ ಪರಿವರ್ತನೆಯ ಕೆಲಸ ತಪ್ಪುವುದಿಲ್ಲ. ಕೇಳಿದವರ ಊರಿನ ಹಿರಿಯರಿಗೆ ಡಿಸ್ಕ್ ರೂಢಿಯಿದೆ ಎಂದ ಮೇಲೆ ಡಿಸ್ಕನ್ನೇ ಸರಿಯಾಗಿ ಮಾಡಿಕೊಡುವುದು ಮೇಲು.

ಮೊದಲ ಉತ್ತರದಲ್ಲಿ ಬಾರದ ಎರಡು ವಿಷಯಗಳನ್ನು ಸೇರಿಸುತ್ತೇನೆ.

ಮಾತಿಗೂ ತುಟಿಗೂ ಅಂತರ ಬಿದ್ದದ್ದು ಮೊಬೈಲಿನ ಭಾಗದಲ್ಲಿ ಮಾತ್ರ ಎಂದು ನೀವು ಬರೆದಿರುವುದು ಒಳ್ಳೆಯ ಸುಳಿವು. ಕ್ಯಾಮೆರಾ ಪ್ರತಿ ಸೆಕೆಂಡಿಗೆ 25 ಎಂದರೆ ಸರಿಯಾಗಿ 25 ಚಿತ್ರಗಳನ್ನೇ ಹಿಡಿಯುತ್ತದೆ. ಮೊಬೈಲ್ ಹಾಗಲ್ಲ. ಮೂವತ್ತು ಎಂದು ಬರೆದಿದ್ದರೂ ಬೆಳಕು ಕಡಿಮೆಯಾದಾಗ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಹೀರಿಕೊಳ್ಳಲು ಅದು ಚಿತ್ರಗಳ ಸಂಖ್ಯೆಯನ್ನು ತಾನಾಗಿಯೇ ಇಳಿಸುತ್ತದೆ, ಬೆಳಕು ಬಂದಾಗ ಏರಿಸುತ್ತದೆ. ರಾತ್ರಿಯ ರಂಗದಲ್ಲಿ ದೀಪ ಆರಿ ಹತ್ತುತ್ತಿದ್ದರೆ ಈ ಏರಿಳಿತ ನಡೆಯುತ್ತಲೇ ಇರುತ್ತದೆ. ಧ್ವನಿ ಮಾತ್ರ ಒಂದೇ ವೇಗದಲ್ಲಿ ದಾಖಲಾಗುತ್ತದೆ. ಕೆಲವು ಪರಿವರ್ತಕಗಳು ಚಿತ್ರಗಳೆಲ್ಲ ಸಮಾನ ಅಂತರದಲ್ಲಿವೆ ಎಂದು ಭಾವಿಸಿ ಎಣಿಸಿಬಿಡುವುದರಿಂದ ಅರ್ಧ ಗಂಟೆಯಲ್ಲಿ ಎರಡು ಮೂರು ಸೆಕೆಂಡಿನ ವ್ಯತ್ಯಾಸ ಸೇರಿಕೊಳ್ಳುತ್ತದೆ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಆ ಫೈಲನ್ನು ತೆರೆದು ನೋಡಿ. ಫ್ರೇಮ್ ರೇಟ್ ಮೋಡ್ ಎಂಬಲ್ಲಿ 'ವೇರಿಯಬಲ್' ಎಂದಿದ್ದರೆ ರೋಗ ಅದೇ.

ಇದಕ್ಕೆ ಮದ್ದು, ಆ ಒಂದು ಫೈಲನ್ನು ಮೊದಲೇ ಸ್ಥಿರವಾದ 25 ಚಿತ್ರಗಳಿಗೆ ತಂದುಕೊಳ್ಳುವುದು. ಮೊದಲ ಉತ್ತರದವರು ಬದಿಗಿಟ್ಟ ಹ್ಯಾಂಡ್‌ಬ್ರೇಕ್ ಈ ನಡುವಿನ ಹಂತಕ್ಕೆ ಚೆನ್ನಾಗಿ ಒದಗುತ್ತದೆ. ವಿಡಿಯೊ ಆಯ್ಕೆಗಳಲ್ಲಿ ಫ್ರೇಮ್ ರೇಟ್ 25, ಪಕ್ಕದಲ್ಲಿ 'ಕಾನ್‌ಸ್ಟಂಟ್' ಎಂದು ಗುರುತಿಸಿ, ಗುಣಮಟ್ಟವನ್ನು ಹೆಚ್ಚಿಗೇ ಇಟ್ಟು ಹೊಸ ಎಂಪಿ4 ಮಾಡಿಕೊಳ್ಳಿ, ಧ್ವನಿಯನ್ನು 48 ಕಿಲೋಹರ್ಟ್ಸ್‌ಗೆ ಅಲ್ಲಿಯೇ ಬದಲಿಸಿ. ಆಮೇಲೆ ಅದನ್ನು ಡಿವಿಡಿಸ್ಟೈಲರ್‌ಗೆ ಕೊಡಿ. ಮೂವತ್ತರಿಂದ ಇಪ್ಪತ್ತೈದಕ್ಕೆ ಇಳಿಸುವಾಗ ಸೆಕೆಂಡಿಗೆ ಐದು ಚಿತ್ರಗಳು ಬಿದ್ದುಹೋಗುವುದರಿಂದ ನಡೆ ಸ್ವಲ್ಪ ಕುಲುಕಿದಂತೆ ಕಾಣಬಹುದು, ಅದನ್ನು ಒಪ್ಪಿಕೊಳ್ಳಬೇಕು.

ಎರಡನೆಯ ವಿಷಯ ಕ್ಯಾಮೆರಾದ ಫೈಲ್‌ಗಳದ್ದು. ಅದೇ ಮೀಡಿಯಾಇನ್ಫೊದಲ್ಲಿ ಸ್ಕ್ಯಾನ್ ಟೈಪ್ ಎಂಬ ಸಾಲನ್ನು ನೋಡಿ. 'ಇಂಟರ್‌ಲೇಸ್ಡ್' ಎಂದಿದ್ದರೆ ಒಂದೊಂದು ಚಿತ್ರವೂ ಬೆಸ ಗೆರೆಗಳ ಅರ್ಧ ಮತ್ತು ಸಮ ಗೆರೆಗಳ ಅರ್ಧ ಎಂದು ಎರಡು ಕ್ಷಣಗಳಲ್ಲಿ ಹಿಡಿದದ್ದು. 1080 ಗೆರೆಗಳ ಅಂಥ ಚಿತ್ರವನ್ನು ಹಾಗೆಯೇ 576ಕ್ಕೆ ಕುಗ್ಗಿಸಿದರೆ ಎರಡು ಅರ್ಧಗಳೂ ಬೆರೆತು, ಗದೆ ಬೀಸಿದಾಗಲೆಲ್ಲ ಅದರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಮೂಡುತ್ತವೆ. ಕುಗ್ಗಿಸುವ ಮೊದಲು 'ಡಿಇಂಟರ್‌ಲೇಸ್' ಮಾಡಬೇಕು, ಅಂದರೆ ಆ ಅರ್ಧಗಳಿಂದ ಪೂರ್ಣ ಚಿತ್ರ ಮಾಡಿಕೊಳ್ಳಬೇಕು. ಇದನ್ನೂ ಹ್ಯಾಂಡ್‌ಬ್ರೇಕ್‌ನಲ್ಲಿ ಮಾಡಿಕೊಳ್ಳಬಹುದು. 'ಪ್ರೊಗ್ರೆಸಿವ್' ಎಂದಿದ್ದರೆ ಈ ಗೊಡವೆಯಿಲ್ಲ.

ಆದೇಶ ಬರೆದು ಕೆಲಸ ಮಾಡುವ ಅಭ್ಯಾಸವಿದ್ದವರಿಗೆ ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕ ತಂತ್ರಾಂಶದಲ್ಲಿ 'ಪಾಲ್-ಡಿವಿಡಿ' ಎಂಬ ಸಿದ್ಧ ಗುರಿಯೊಂದಿದೆ. ಚಿತ್ರದ ಅಳತೆ, ವೇಗ, ಎಸಿ-3 ಧ್ವನಿ ಎಲ್ಲವನ್ನೂ ಅದೊಂದೇ ಹೊಂದಿಸುತ್ತದೆ, ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬುದು) ಮತ್ತು 16:9 ಆಕಾರವನ್ನು ಮಾತ್ರ ನಾವು ಹೇಳಬೇಕು. ಅದರಿಂದ ಬರುವುದು ಎಂಪೆಗ್ ಫೈಲ್ ಅಷ್ಟೇ, ಫೋಲ್ಡರ್ ಜೋಡಣೆ ಬೇರೆಯಾಗಿ ಆಗಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನ ಕುಳಿತು, ಹೇಳಿದಂತೆಯೇ ಒಂದೊಂದಾಗಿ ಮಾಡುತ್ತ ಬಂದೆ.

ಎರಡನೆಯ ಡಿಸ್ಕಿನಲ್ಲಿ ಮುಖ ಉದ್ದವಾಗಿದ್ದಕ್ಕೆ ಕಾರಣ ನಮ್ಮ ಪ್ಲೇಯರ್‌ನ ಸೆಟಪ್ ಆಗಿತ್ತು. ಲೆಟರ್‌ಬಾಕ್ಸ್‌ಗೆ ಬದಲಿಸಿದ ತಕ್ಷಣ ಅದೇ ಡಿಸ್ಕ್ ಸರಿಯಾಗಿ ಕಂಡಿತು. ಮೊಬೈಲಿನ ಫೈಲ್ 'ವೇರಿಯಬಲ್' ಎಂದೇ ಇತ್ತು. 25ಕ್ಕೆ ಸ್ಥಿರಗೊಳಿಸಿದ ಮೇಲೆ ಕಂದ ಪದ್ಯದ ಕೊನೆಯ ಅಕ್ಷರದವರೆಗೂ ತುಟಿ ಕೂಡಿಬರುತ್ತಿದೆ. ಕ್ಯಾಮೆರಾದ ಫೈಲ್‌ಗಳು ಇಂಟರ್‌ಲೇಸ್ಡ್ ಆಗಿದ್ದವು. ಡಿಇಂಟರ್‌ಲೇಸ್ ಮಾಡಲು ಲ್ಯಾಪ್‌ಟಾಪ್ ಎರಡು ರಾತ್ರಿ ಓಡಿತು. ನಾಟಕ ನಾಲ್ಕು ಭಾಗವಾಯಿತು, ಅತಿ ದೊಡ್ಡದು 106 ನಿಮಿಷ. ಮೊದಲ ಡಿಸ್ಕನ್ನು ತಂದೆಯವರಿಗೆ ತೋರಿಸಿದೆ. ಕಿರೀಟದ ಹರಳುಗಳು ಒಂದೊಂದಾಗಿ ಕಾಣುತ್ತಿವೆ. ಹಿಂದಿನ ಡಿಸ್ಕಿನಲ್ಲಿ ಕೆಂಪು ಮುದ್ದೆಯಾಗಿದ್ದ ಪರದೆಯ ಅಂಚಿನ ಬಳ್ಳಿಯೂ ಈಗ ತಿಳಿಯುತ್ತದೆ.

ಈಗ ಒಂದು ತೊಡಕು. ಮೆನುವಿನಲ್ಲಿ ನಾಟಕದ ಹೆಸರು, ಮೇಷ್ಟ್ರ ಹೆಸರು, ಪಾತ್ರಧಾರಿಗಳ ಪಟ್ಟಿ ಎಲ್ಲ ಕನ್ನಡದಲ್ಲಿ ಬರಬೇಕೆಂದು ಬರೆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಅಕ್ಷರದ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಕರಪತ್ರಕ್ಕೆಂದು 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದ್ದ ಪಟ್ಟಿಯನ್ನು ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಪ್ಲೇಯರ್‌ನಲ್ಲಿ ಕನ್ನಡ ಫಾಂಟ್ ಇಲ್ಲದಿರುವುದು ಇದಕ್ಕೆ ಕಾರಣವೇ? ಹಾಗೆಯೇ 64 ಡಿಸ್ಕ್ ಬರ್ನ್ ಮಾಡುವ ಮೊದಲು ಗಮನಿಸಬೇಕಾದದ್ದು ಏನಾದರೂ ಇದ್ದರೆ ತಿಳಿಸಿ.

ಉತ್ತರ 1 ಬರೆದವರು

ಪ್ಲೇಯರ್‌ಗೆ ಯಾವ ಭಾಷೆಯ ಫಾಂಟೂ ಬೇಕಿಲ್ಲ. ಡಿವಿಡಿಯ ಮೆನು ಎಂಬುದು ಒಂದು ಚಿತ್ರ. ಸಬ್‌ಟೈಟಲ್ ಕೂಡ ಅಕ್ಷರಗಳಾಗಿ ಅಲ್ಲ, ನಾಲ್ಕು ಬಣ್ಣಗಳ ಸಣ್ಣ ಚಿತ್ರವಾಗಿಯೇ ಡಿಸ್ಕಿನಲ್ಲಿ ಕೂರುತ್ತದೆ. ಆದ್ದರಿಂದ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಮೂಡಿದರೆ ಡಿಸ್ಕ್ ಓಡುವ ಯಾವ ಪ್ಲೇಯರ್‌ನಲ್ಲೂ ಸರಿಯಾಗಿಯೇ ಕಾಣುತ್ತದೆ. ನಿಮ್ಮಲ್ಲಿ ಕೆಡುತ್ತಿರುವುದು ಮೆನು ತಯಾರಿಸುವ ಹಂತದಲ್ಲಿ, ಒತ್ತು ಮತ್ತು ಗುಣಿತಗಳನ್ನು ಜೋಡಿಸುವಾಗ. ಕನ್ನಡ ಸರಿಯಾಗಿ ಮೂಡುವ ಯಾವುದಾದರೂ ಚಿತ್ರ ಸಂಪಾದಕದಲ್ಲಿ ಹಿನ್ನೆಲೆ, ಹೆಸರುಗಳು ಎಲ್ಲವನ್ನೂ ಬರೆದು ಚಿತ್ರವಾಗಿ ಉಳಿಸಿ, ಅದನ್ನೇ ಮೆನುವಿನ ಹಿನ್ನೆಲೆಯಾಗಿ ಇಡಿ. ಮೇಲೆ ಬಟನ್‌ಗಳು ಮಾತ್ರ ಇರಲಿ. ಡಬ್ಬಿ ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ನುಂಗುತ್ತವೆ, ಆದ್ದರಿಂದ ನಾಲ್ಕೂ ಕಡೆ ಹತ್ತನೆಯ ಒಂದು ಭಾಗದಷ್ಟು ಜಾಗ ಖಾಲಿ ಬಿಡಿ, ಅಕ್ಷರ ದಪ್ಪಗಿರಲಿ. ನುಡಿಯ ಹಳೆಯ ವಿಧಾನದ ಪಟ್ಟಿಯನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಇಲ್ಲವೇ ಹೊಸದಾಗಿ ಬೆರಳಚ್ಚು ಮಾಡಿ.

ಬರ್ನ್ ಮಾಡುವ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಹಳೆಯ ಪ್ಲೇಯರ್‌ಗಳಿಗೆ ಒಂದೇ ಸಲ ಬರೆಯಬಹುದಾದ ಡಿಸ್ಕ್‌ಗಳ ಎರಡು ಬಗೆಯಲ್ಲಿ ಡಿವಿಡಿ ಮೈನಸ್ ಆರ್ (DVD-R) ಡಿಸ್ಕ್ ಹೆಚ್ಚು ಒಗ್ಗುತ್ತದೆ. ಅದು 1997ರಷ್ಟು ಹಿಂದೆಯೇ ಬಂದದ್ದು, ಪ್ಲಸ್ ಆರ್ (DVD+R) ಬಂದದ್ದು 2002ರಲ್ಲಿ. ತಿದ್ದಿ ಬರೆಯಬಹುದಾದ ಆರ್‌ಡಬ್ಲ್ಯು ಡಿಸ್ಕ್ ಪರೀಕ್ಷೆಗೆ ಅನುಕೂಲವಾದರೂ ಹಂಚುವುದಕ್ಕೆ ಬೇಡ, ಅದರ ಮೇಲ್ಮೈ ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಕೆಲವು ಪ್ಲೇಯರ್‌ಗಳು ಓದುವುದೇ ಇಲ್ಲ. ಬರೆಯುವ ವೇಗ ಡಿಸ್ಕಿನ ಮೇಲೆ 16 ಎಕ್ಸ್ ಎಂದಿದ್ದರೂ 8 ಎಕ್ಸ್‌ನಲ್ಲಿ ಬರೆಯಿರಿ. ತುಂಬಿದ ಡಿಸ್ಕಿಗೆ ಸುಮಾರು ಎಂಟು ನಿಮಿಷ ಹಿಡಿಯುತ್ತದೆ. ಪ್ರತಿ ಭಾಗಕ್ಕೂ ಮೊದಲು ಇಡೀ ಡಿಸ್ಕಿನ ಪಡಿಯಚ್ಚಾದ ಐಎಸ್‌ಒ ಫೈಲ್ ಮಾಡಿಕೊಂಡು ಇಮ್ಗ್‌ಬರ್ನ್ ಎಂಬ ತಂತ್ರಾಂಶದಲ್ಲಿ ಬರೆದರೆ ಪ್ರತಿ ಸಲವೂ ಜೋಡಣೆ ಮಾಡಬೇಕಾಗಿಲ್ಲ, 'ವೆರಿಫೈ' ಗುರುತಿಸಿದರೆ ಬರೆದದ್ದನ್ನು ಅದೇ ಮತ್ತೆ ಓದಿ ತಾಳೆ ನೋಡುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ. ಬರೆಯುವ ನಡುವೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಿದರೆ ಆ ಡಿಸ್ಕ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ.

ಹೆಸರು ಬರೆಯಲು ಡಿಸ್ಕಿಗೆಂದೇ ಸಿಗುವ ಮೃದು ತುದಿಯ ಮಾರ್ಕರ್ ಬಳಸಿ. ಕಾಗದದ ಸ್ಟಿಕ್ಕರ್ ಅಂಟಿಸಬೇಡಿ. ಒಂದು ಕೂದಲೆಳೆಯಷ್ಟು ಓರೆಯಾಗಿ ಅಂಟಿದರೂ ವೇಗವಾಗಿ ತಿರುಗುವಾಗ ಡಿಸ್ಕ್ ಅದುರುತ್ತದೆ. ಬರೆಯಬಹುದಾದ ಡಿಸ್ಕಿನೊಳಗಿರುವುದು ಬಣ್ಣದ ಪದರ, ಬಿಸಿಲಿಗೆ ಅದು ಮಂಕಾಗುತ್ತದೆ. ಟಿವಿಯ ಮೇಲೆ ಕಿಟಕಿಯ ಎದುರು ಇಡಬೇಡಿ ಎಂದು ಪ್ರತಿ ಮನೆಯಲ್ಲೂ ಹೇಳಿ ಕೊಡಿ.

ಮುಖ್ಯವಾಗಿ, 64 ಡಿಸ್ಕ್ ಬರೆಯುವ ಮೊದಲು ಒಂದೇ ಒಂದು ಕಂತು, ನಾಲ್ಕು ಡಿಸ್ಕ್, ಬರೆದು ಊರಿನಲ್ಲಿ ಎಲ್ಲಕ್ಕಿಂತ ಹಳೆಯ ಪ್ಲೇಯರ್ ಯಾರ ಮನೆಯಲ್ಲಿದೆಯೋ ಅಲ್ಲಿ ಕೊನೆಯವರೆಗೆ ಓಡಿಸಿ ನೋಡಿ. ಬರೆಯುವುದು ಒಳಗಿನಿಂದ ಹೊರಗಿನ ಅಂಚಿಗೆ ಸಾಗುವುದರಿಂದ ದೋಷ ಹೆಚ್ಚಾಗಿ ಕೊನೆಯ ಕಾಲು ಗಂಟೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆರಂಭದ ಐದು ನಿಮಿಷ ನೋಡಿ ನಿಲ್ಲಿಸಿದರೆ ಅದು ಗೊತ್ತಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಹಾಗೆಯೇ ಮಾಡಿದೆ. ಎಲ್ಲಕ್ಕಿಂತ ಹಳೆಯ ಪ್ಲೇಯರ್ ಇದ್ದದ್ದು ಹಾರ್ಮೋನಿಯಂ ನುಡಿಸಿದ ನಮ್ಮ ಮೇಷ್ಟ್ರ ಮನೆಯಲ್ಲಿ. ಮೊದಲ ಮೂರು ಡಿಸ್ಕ್‌ಗಳು ಪೂರ್ತಿ ಓಡಿದವು, ನಾಲ್ಕನೆಯದು ಗದಾಯುದ್ಧದ ನಡುವೆ, 94ನೆಯ ನಿಮಿಷದಲ್ಲಿ ನಿಂತಿತು. ಅದೇ ಐಎಸ್‌ಒ ಫೈಲನ್ನು ಬೇರೊಂದು ಕಂಪನಿಯ ಮೈನಸ್ ಆರ್ ಡಿಸ್ಕಿಗೆ 4 ಎಕ್ಸ್ ವೇಗದಲ್ಲಿ ಬರೆದುಕೊಂಡು ಹೋದೆ. ಈ ಸಲ ಮಂಗಳದವರೆಗೂ ನಿಲ್ಲದೆ ಓಡಿತು. ಉಳಿದ 60 ಡಿಸ್ಕ್‌ಗಳನ್ನು ಆ ಕಂಪನಿಯದ್ದನ್ನೇ ತರಿಸಿದ್ದೇನೆ, ದಿನಕ್ಕೆ ಎರಡು ಮನೆಯ ಕಂತಿನಂತೆ 4 ಎಕ್ಸ್ ವೇಗದಲ್ಲಿ ಬರೆಯುತ್ತಿದ್ದೇನೆ.